ಸರ್ವಮಂಗಳಮ್ಮನವರ ಒಂಟಿ ಗೋಡೆ

ನಮ್ಮೂರಿನಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯುವುದೆಂದರೆ ಮಗಳಿಗೆ ಗಂಡು ಹುಡುಕಿದಷ್ಟೇ ಕೆಲಸ. ನಿಮ್ಮ ಮನೆಯ ಗೋಡೆಗೆ ಊರಲ್ಲಿ ಇನ್ನೆಲ್ಲೋ ಒಂದು ಜೋಡಿ ಗೋಡೆ ಇರುತ್ತದೆ. ಪಕ್ಕದ ಮನೆಯಲ್ಲೇ ಇರಬೇಕೆಂದೇನೂ ಇಲ್ಲ, ಕೆರೆ ಏರಿ ದಾಟಿ ಆಚೆ ಬೀದಿಯಲ್ಲಿ ಇರಬಹುದು. ಇಲ್ಲಿ ಹೊಡೆದ ಮೊಳೆ ಅಲ್ಲಿ ಮೂತಿ ತೂರಿಸುತ್ತದೆ. ಅಂಚೆಮನೆ ಚೆಲುವರಾಯರು ತಮ್ಮ ತಾತನ ಫೋಟೋ ನೇತುಹಾಕಿದ ಮೊಳೆ ಟೀಚರಮ್ಮ ಒಬ್ಬರ ಬಚ್ಚಲಲ್ಲಿ ಹೊರಗೆ ಬಂದಿತ್ತು. ಆಯಮ್ಮ ಹನ್ನೆರಡು ವರ್ಷ ಅದಕ್ಕೆ ಸೀಗೆಪುಡಿ ಚೀಲ ತಗುಲಿಹಾಕಿಕೊಂಡು ನೆಮ್ಮದಿಯಾಗಿದ್ದರು. ಚೆಲುವರಾಯರು ತೀರಿಕೊಂಡು, ಮಕ್ಕಳು ಫೋಟೋ ಇಳಿಸಿ ಮೊಳೆ ಕಿತ್ತ ದಿನ ಆ ಚೀಲ ಬಿಸಿನೀರಿನ ಹಂಡೆಗೆ ಬಿತ್ತು. ಟೀಚರಮ್ಮ ಒದ್ದೆ ತಲೆಯಲ್ಲೇ ಬಂದು ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ನಿಂತು ಬೈದುಹೋದರು. ಊರಲ್ಲಿ ಯಾರೂ ಅದನ್ನು ತಪ್ಪು ಅನ್ನಲಿಲ್ಲ.

ಮೊಳೆ ಒಂದೇ ಅಲ್ಲ, ಗೋಡೆ ಒಳಗೆ ಎಳೆದುಕೊಂಡದ್ದು ಯಾವುದೇ ಆಗಲಿ, ಜೋಡಿ ಗೋಡೆಯಲ್ಲಿ ಹೊರಗೆ ಬರುತ್ತದೆ. ಇವರ ಮನೆ ನಲ್ಲಿ ಸೋರಿದರೆ ಅವರ ಮನೆ ಸುಣ್ಣ ಉದುರುತ್ತದೆ. ಪುಣ್ಯಕ್ಕೆ ಬರೀ ಗೋಡೆಗೆ ಶಬ್ದ ರುಚಿಸುವುದಿಲ್ಲ, ಕೇಳಿದ್ದನ್ನು ಅಲ್ಲೇ ವಾಪಸ್ ಉಗುಳಿಬಿಡುತ್ತದೆ. ಹಾಗಾಗಿ ಗಂಡ ಹೆಂಡಿರ ಜಗಳ ಆಯಾ ಮನೆಯಲ್ಲೇ ಉಳಿದು ಊರು ಊರಾಗಿದೆ.

ನಾನು ವೀರಭದ್ರಾಚಾರಿ. ಇಪ್ಪತ್ತಾರು ವರ್ಷದಿಂದ ಈ ಊರಿನ ಗೋಡೆಗಳಿಗೆ ತೂತು ಕೊರೆಯುವವನು ನಾನೊಬ್ಬನೇ. ನನ್ನ ಕೆಲಸ ಕೊರೆಯುವುದರಿಂದ ಶುರುವಾಗುವುದಿಲ್ಲ, ತಟ್ಟುವುದರಿಂದ ಶುರುವಾಗುತ್ತದೆ. ಸಂಜೆ ನಾಲ್ಕು ಗಂಟೆಗೆ ಮರದ ಕೊಡತಿ ತೆಗೆದುಕೊಂಡು ಗೋಡೆಗೆ ಮೂರು ಸಲ ತಟ್ಟಬೇಕು; ಮಾತು ದಾಟದಿದ್ದರೂ ಏಟು ದಾಟುತ್ತದೆ. ಆ ಹೊತ್ತಿಗೆ ಊರಲ್ಲಿ ಎಲ್ಲರೂ ಒಂದು ಗಳಿಗೆ ಕಿವಿಗೊಟ್ಟು ಕೂರುತ್ತಾರೆ. ತಮ್ಮ ಮನೆ ಗೋಡೆಯಲ್ಲಿ ಏಟು ಕೇಳಿಸಿದವರು ಕೈಯಲ್ಲಿ ಹಿಟ್ಟಿದ್ದರೆ ಹಿಟ್ಟಿನ ಕೈಯಲ್ಲೇ, 'ನಮ್ಮದು, ನಮ್ಮದು' ಅಂತ ಓಡಿ ಬರಬೇಕು. ಅವರು ಒಪ್ಪಿದರೆ ತೂತು, ಇಲ್ಲದಿದ್ದರೆ ಇಲ್ಲ. ಮೂರು ದಿನ ತಟ್ಟಿದರೂ ಯಾರೂ ಬರಲಿಲ್ಲ ಅನ್ನಿ, ಅದು ಒಂಟಿ ಗೋಡೆ. ಅಂಥ ಗೋಡೆ ನೂರಕ್ಕೊಂದು. ಸಿಕ್ಕಿದವರು ಪುಣ್ಯವಂತರು, ಬೇಕಾದ್ದು ನೇತುಹಾಕಿಕೊಳ್ಳಬಹುದು.

ಸರ್ವಮಂಗಳಮ್ಮ ನನ್ನನ್ನು ಕರೆಸಿದ್ದು ಒಂದು ಸೋಮವಾರ. ಅವರನ್ನು ನೋಡದವರೂ ಅವರ ದನಿ ಬಲ್ಲರು. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಮೂವತ್ತೊಂದು ವರ್ಷ 'ಪ್ರಯಾಣಿಕರ ಗಮನಕ್ಕೆ' ಅಂದವರು ಅವರೇ. ಆ ದನಿಗೆ ಬೈದವರಿಲ್ಲ, ಬಸ್ಸು ಎರಡು ಗಂಟೆ ತಡ ಅಂತ ಹೇಳಿದರೂ ಏನೋ ಒಳ್ಳೆಯದೇ ಆಗುತ್ತಿದೆ ಅನ್ನಿಸುತ್ತಿತ್ತು. ಈಗ ಆ ದನಿಯಲ್ಲಿ ಮರಳು ಸೇರಿತ್ತು. ಗಂಟಲಲ್ಲಿ ಗಂಟು, ಮುಂದಿನ ಸೋಮವಾರ ಆಪರೇಷನ್.

"ಗಂಟು ತೆಗೆದರೆ ದನಿಯೂ ಅದರ ಜೊತೆಗೇ ಹೋಗುತ್ತೆ ಅಂದರು ಡಾಕ್ಟ್ರು," ಅಂದರು. "ಜೀವಕ್ಕೇನೂ ಭಯ ಇಲ್ಲವಂತೆ. ನನಗೆ ಹೋಗಲಿ ಬಿಡಿ ಆಚಾರ್ರೇ, ಸಾಕಷ್ಟು ಮಾತಾಡಿದೀನಿ. ಯಜಮಾನರದ್ದೇ ಯೋಚನೆ."

ಯಜಮಾನರು ಚನ್ನವೀರಯ್ಯನವರು ನಡುಮನೆಯ ಬೆಂಚಿನ ಮೇಲೆ ಖಾಕಿ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಅದೇ ಸ್ಟ್ಯಾಂಡಿನಲ್ಲಿ ಡ್ರೈವರ್ ಆಗಿದ್ದವರು. ಆಳು ಈಗಲೂ ಕಲ್ಲುಗುಂಡು, ನೆನಪು ಮಾತ್ರ ಎರಡು ವರ್ಷದಿಂದ ಪೂರ್ತಿ ಕೈಕೊಟ್ಟಿತ್ತು. ಹಸಿವಾದರೆ ಹಸಿವು ಅಂತ ತಿಳಿಯುತ್ತಿರಲಿಲ್ಲ. ಏಳಿ ಅಂದರೆ ಏಳರು, ಉಣ್ಣಿ ಅಂದರೆ ಉಣ್ಣರು. ಒಂದೇ ಒಂದು ಉಳಿದಿತ್ತು: ಮೈಕಿನಲ್ಲಿ ಕರೆದರೆ ಹೊರಡುವುದು.

ಬೆಳಿಗ್ಗೆ ಏಳಾಯಿತು. ಸರ್ವಮಂಗಳಮ್ಮ ಪರದೆಯ ಹಿಂದೆ ಹೋಗಿ ಸ್ಟೀಲಿನ ಚೊಂಬನ್ನು ಬಾಯಿಗೆ ಹಿಡಿದರು. "ಗಮನಿಸಿ. ಚನ್ನವೀರಯ್ಯನವರ ಗಮನಕ್ಕೆ. ಏಳು ಗಂಟೆಯ ಸ್ನಾನ ಒಂದನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ." ಚನ್ನವೀರಯ್ಯ ತಟ್ಟನೆ ಎದ್ದು, ಅಂಗಿ ಜಗ್ಗಿ ಸರಿಮಾಡಿಕೊಂಡು, ಬಚ್ಚಲಿಗೆ ನಡೆದರು. ಮಿಂದು ಬಂದು ಬೆಂಚಿನ ಮೇಲೆ ಕೂತರು. ಆಯಮ್ಮ ಪರದೆ ಸರಿಸಿ ಕಾಫಿ ತಂದಿಟ್ಟಾಗ ಚನ್ನವೀರಯ್ಯ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: "ಎಲ್ಲಿಗೆ ಹೋಗಬೇಕಮ್ಮ ನೀವು?"

"ಇಲ್ಲೇ, ಕೊನೇ ಸ್ಟಾಪು," ಅಂದರು ಸರ್ವಮಂಗಳಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಎರಡು ವರ್ಷದಿಂದ ನಾನು ಇವರಿಗೆ ಪ್ಯಾಸೆಂಜರ್ರು ಆಚಾರ್ರೇ. ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ," ಅಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ದನಿ ಹೋಗುವುದರೊಳಗೆ ಅದನ್ನು ಹಿಡಿದಿಡಬೇಕು, ಅದು ಅವರ ಯೋಚನೆ. ಸ್ನಾನ, ತಿಂಡಿ, ಮಾತ್ರೆ, ಊಟ, ನಿದ್ದೆ, ಉಗುರು ಕತ್ತರಿಸುವುದು, ಸೊಂಟಕ್ಕೆ ಎಣ್ಣೆ, ಒಟ್ಟು ನೂರಾ ನಲವತ್ತು ಪ್ರಕಟಣೆ ಬರೆದಿಟ್ಟುಕೊಂಡಿದ್ದರು. ಫೋನಿನಲ್ಲಿ ಒಂದು ರೆಕಾರ್ಡು ಮಾಡಿ ನೋಡಿಯೂ ಇದ್ದರು. ಸ್ನಾನದ ಪ್ರಕಟಣೆಯ ಹಿಂದೆ ಕುಕ್ಕರ್ ಕೂಗಿದ್ದು ಸೇರಿಕೊಂಡು, ಚನ್ನವೀರಯ್ಯ ಸ್ನಾನಕ್ಕೆ ಹೋಗದೆ ತಟ್ಟೆ ಮುಂದೆ ಕೂತರಂತೆ. ಬೀರುವಿನೊಳಗೆ ಕೂತು ಇನ್ನೊಂದು ಸಲ ಮಾಡಿದರೆ, ಅವರು ಬೀರು ಬಾಗಿಲು ತೆಗೆದು ಒಳಗೆ ಪ್ಯಾಸೆಂಜರ್ ಇದ್ದಾರೇನೋ ಅಂತ ಹುಡುಕಿದರಂತೆ. ಹಾಗಾಗಿ ಮನೆಯಲ್ಲೇ ಒಂದು ರೆಕಾರ್ಡಿಂಗ್ ಕೋಣೆ ಮಾಡುವುದು ಅಂತಾಯಿತು. ನದಿಯಾಚೆ ಮುಚ್ಚಿಹೋದ ಒಂದು ಸ್ಟುಡಿಯೋದಿಂದ ಶಬ್ದ ನುಂಗುವ ಹಲಗೆ ಆರು ತರಿಸಿದ್ದರು. ಮರದ ಚೌಕಟ್ಟು, ಒಳಗೆ ಕಲ್ಲಿನಿಂದ ತೆಗೆದ ಹತ್ತಿಯಂಥದ್ದೇನೋ ಗಿಡಿದು ತುಂಬಿ ಮೇಲೆ ಕಂದು ಬಟ್ಟೆ ಬಿಗಿದಿದ್ದರು. ಒಂದೊಂದೂ ಆಳೆತ್ತರ, ಒಂದೊಂದೂ ಮೂವತ್ತಾರು ಕೆಜಿ.

"ಈ ಊರಲ್ಲಿ ಇದನ್ನು ಯಾರೂ ಹಾಕಿಲ್ಲ ಅಮ್ಮ," ಅಂದೆ. "ಹಲಗೆ ನುಂಗಿದ್ದು ಗೋಡೆಗೆ ಹೋಗುತ್ತೆ, ಗೋಡೆಯಿಂದ ಇನ್ಯಾರದೋ ಮನೆಗೆ. ಯಾರು ಒಪ್ಪುತ್ತಾರೆ?"

"ನೀವು ತಟ್ಟಿ. ಒಪ್ಪಿಸೋದು ನನಗೆ ಬಿಡಿ."

ಒಪ್ಪಿಸಲು ಆಗಲಿಲ್ಲ. ಸೋಮವಾರ ಸಂಜೆ ಮೂಡಲ ಗೋಡೆ ತಟ್ಟಿದರೆ ಕ್ಷೌರದಂಗಡಿಯವನು ಸೋಪು ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದ, ತನ್ನ ಕನ್ನಡಿ ಗೋಡೆ ಅಂತ. ಪಡುವಲ ಗೋಡೆಗೆ ಒಬ್ಬ ಬಾಣಂತಿಯ ಅತ್ತೆ ಬಂದು ನನ್ನ ಕೊಡತಿಯನ್ನೇ ಕಸಿದುಕೊಂಡಳು. ತೆಂಕಣದಲ್ಲಿ ಬಾಗಿಲು, ಕಿಟಕಿ. ಉಳಿದದ್ದು ಬಡಗಣ ಗೋಡೆ. ಅದಕ್ಕೆ ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ ತಟ್ಟಿ ಕಾದೆವು, ಯಾರೂ ಇಲ್ಲ. ಬುಧವಾರ ಮೂರನೆಯ ಸಲ ತಟ್ಟುವಾಗ ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತಿದ್ದರು. ಅರ್ಧ ಗಂಟೆಯಾಯಿತು. ಬೀದಿಯಲ್ಲಿ ಒಂದು ನಾಯಿ ಹೋಯಿತು ಅಷ್ಟೇ.

"ಒಂಟಿ ಗೋಡೆ!" ಅಂತ ಕೂಗಿದೆ. ನನ್ನ ಇಪ್ಪತ್ತಾರು ವರ್ಷದಲ್ಲಿ ಸಿಕ್ಕಿದ ಏಳನೆಯದು. ಆರು ಹಲಗೆಯೂ ಅದರ ಮೇಲೇ, ಉಳಿದ ಕಡೆ ಕೌದಿ ಇಳಿಬಿಡುವುದು ಅಂತ ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆ. ಭಾರದ ಹಲಗೆಯನ್ನು ಮೊಳೆಗೆ ನೇತುಹಾಕುತ್ತೇನೆ ಅನ್ನುವವನು ಮೂರ್ಖ. ಮರದ ಪಟ್ಟಿಯನ್ನು ಉದ್ದಕ್ಕೆ ಓರೆಯಾಗಿ ಸೀಳಬೇಕು. ಒಂದು ಸೀಳು ಗೋಡೆಗೆ, ಇನ್ನೊಂದು ಹಲಗೆಯ ಬೆನ್ನಿಗೆ. ಹಲಗೆ ಎತ್ತಿ ಮೇಲಿಂದ ಇಳಿಸಿದರೆ ಓರೆಯೊಳಗೆ ಓರೆ ಕೂತು, ಭಾರ ಹೆಚ್ಚಿದಷ್ಟೂ ಗೋಡೆಗೆ ಅಪ್ಪಿಕೊಳ್ಳುತ್ತದೆ. ಹಲಗೆಗೆ ನಾಲ್ಕು ಬೋಲ್ಟಿನಂತೆ ಇಪ್ಪತ್ತನಾಲ್ಕು ತೂತು. ರಸಮಟ್ಟ ಇಟ್ಟು ಗೆರೆ ಹೊಡೆದೆ. ಎಲ್ಲದಕ್ಕೂ ಹದಿನೆಂಟು ಅಂಗುಲ ಅಂತರ, ಅದು ನನ್ನ ಪದ್ಧತಿ, ನನ್ನ ಗುರು ಕಲಿಸಿದ್ದು. ಒಂಟಿ ಗೋಡೆ ಅಲ್ಲವೇ, ಯಾರ ದಾಕ್ಷಿಣ್ಯವೂ ಇಲ್ಲ ಅಂತ ಬೋಲ್ಟನ್ನು ಕೊನೆವರೆಗೂ ಜಡಿದೆ.

ಹಲಗೆ ಎತ್ತುವುದಕ್ಕೆ ಇಬ್ಬರು ಬೇಕು. ಇದ್ದವನು ನಾನೊಬ್ಬ. ಸರ್ವಮಂಗಳಮ್ಮ ಕ್ಷಣ ಯೋಚಿಸಿ ಚೊಂಬು ಕೈಗೆತ್ತಿಕೊಂಡರು. "ಗಮನಿಸಿ. ಚನ್ನವೀರಯ್ಯನವರು ಕೂಡಲೇ ಹಲಗೆಯ ಎಡತುದಿಗೆ ಆಗಮಿಸಬೇಕಾಗಿ ವಿನಂತಿ." ಬಂದರು! ಆಯಮ್ಮ ಹಿಡಿಯಿರಿ ಅಂದಾಗ ಹಿಡಿದರು, ಎತ್ತಿರಿ ಅಂದಾಗ ಎತ್ತಿದರು, ಇಳಿಸಿ ಅಂದಾಗ ಕೂದಲೆಳೆ ಆಚೀಚೆಯಾಗದಂತೆ ಓರೆಯೊಳಗೆ ಇಳಿಸಿದರು. ಇಷ್ಟು ಹೇಳಿದ ಮಾತು ಕೇಳುವ ಸಹಾಯಕ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಐದು ಹಲಗೆ ಹೂವಿನಂತೆ ಏರಿದವು.

ಆರನೆಯದನ್ನು ತಲೆ ಮೇಲಕ್ಕೆ ಎತ್ತಿದ್ದೇವೆ, ಇನ್ನೇನು 'ಇಳಿಸಿ' ಅನ್ನಬೇಕು, ಸರ್ವಮಂಗಳಮ್ಮನವರಿಗೆ ಕೆಮ್ಮು ಹತ್ತಿತು. ಅಂಥಿಂಥ ಕೆಮ್ಮಲ್ಲ. ಚೊಂಬು ಬಿದ್ದು ಉರುಳಿಹೋಯಿತು. "ಇಳಿಸ್ರೀ ಯಜಮಾನ್ರೇ!" ಅಂತ ನಾನು ಬಡಕೊಂಡೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ದನಿಗೆ ಅಲ್ಲಿ ಯಾವ ಕಿಮ್ಮತ್ತು? ನನ್ನ ತೋಳು ನಡುಗಿತು, ನನ್ನ ತುದಿಯನ್ನು ಏಣಿಗೆ ಆನಿಸಿಕೊಂಡೆ. ಅವರು ಆನಿಸಲಿಲ್ಲ. ಕಣ್ಣು ನೆಟ್ಟಗೆ ಇಟ್ಟು, ಭಾರವನ್ನೆಲ್ಲ ಹೊತ್ತು ನಿಂತೇ ಇದ್ದರು. ಹಣೆಯಿಂದ ಬೆವರು ಇಳಿಯಿತು, ಮೊಣಕಾಲು ಅದುರಿತು, ತುಟಿ ನೀಲಿಗೆ ತಿರುಗಿತು. ಇಳಿಸಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ಕೊನೆಗೆ ಸರ್ವಮಂಗಳಮ್ಮ ಗೋಡೆ ಹಿಡಿದು, ಒಡೆದ ದನಿಯಲ್ಲಿ "ಇಳಿಸಿ" ಅಂದರು. ಇಳಿಸಿದರು.

ಆಯಮ್ಮ ನೆಲದ ಮೇಲೆ ಕೂತುಬಿಟ್ಟರು. "ನೋಡಿದಿರಾ? ಸೋಮವಾರದ ಮೇಲೆ ಹೀಗೇ ಆಗುತ್ತೆ. ಯಾರಾದರೂ ಹೇಳೋವರೆಗೆ ನಿಂತೇ ಸಾಯ್ತಾರೆ." ಸಾಮಾನು ಕಟ್ಟಿಕೊಂಡು ಮನೆಗೆ ಹೊರಟೆ.

ಮನೆಯಲ್ಲಿ ಒಬ್ಬಟ್ಟು ಮಾಡಿದ್ದಳು ನನ್ನ ಹೆಂಡತಿ ಕಾಳಮ್ಮ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಕೇಳಿದರೆ, "ತಿನ್ನಿ ಸುಮ್ನೆ" ಅಂದಳು. ಮುಖದ ತುಂಬ ನಗೆ. ಕಾಳಮ್ಮ ನನ್ನನ್ನು ನೋಡಿ ಹಾಗೆ ನಕ್ಕು ವರ್ಷಗಳೇ ಆಗಿದ್ದವು. ನನಗೆ ಅನುಮಾನ ಬಂತು. ತಟ್ಟೆ ಬಿಟ್ಟು ಒಳಕೋಣೆಗೆ ಹೋದೆ.

ಬಡಗಣ ಗೋಡೆಯ ತುಂಬ ಬೋಲ್ಟು! ಒಂದಕ್ಕೆ ಟವಲು, ಒಂದಕ್ಕೆ ಮೊರ, ಒಂದಕ್ಕೆ ಛತ್ರಿ, ಒಂದಕ್ಕೆ ಅವಳ ಮದುವೆ ಸೀರೆಯ ಗಂಟು, ಸಾಲಾಗಿ ನಾಲ್ಕಕ್ಕೆ ಈರುಳ್ಳಿ ಗೊಂಚಲು. ಅಂತರ ಹದಿನೆಂಟು ಅಂಗುಲ. ಎಣಿಸಿದೆ, ಇಪ್ಪತ್ತನಾಲ್ಕು. ನನ್ನ ಕೈಕೆಲಸ ನನಗೆ ಗುರುತು ಸಿಗದೆ ಇರುತ್ತದೆಯೇ?

"ತಟ್ಟಿದ್ದು ಕೇಳಿಸಲಿಲ್ಲವೇನೇ ನಿನಗೆ?"

"ಕೇಳಿಸ್ತು. ಮೂರು ದಿನವೂ ಕೇಳಿಸ್ತು. ನಿಮ್ಮ ಕೈಯೇಟು ನನಗೆ ತಿಳಿಯಲ್ವಾ?"

"ಮತ್ತೆ ಓಡಿ ಬರಬೇಕು ತಾನೇ!"

"ಯಾಕೆ ಬರಲಿ?" ಅಂತ ಕಾಳಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಇಪ್ಪತ್ತಾರು ವರ್ಷ ಊರಿಗೆಲ್ಲ ಮೊಳೆ ಹೊಡೆದಿರಿ. ಈ ಮನೇಲಿ ಒಂದು ಟವಲು ಹಾಕೋಕೆ ಗತಿಯಿಲ್ಲ. ಬಾಗಿಲ ಮೇಲೆ, ಕುರ್ಚಿ ಮೇಲೆ, ನನ್ನ ತಲೆ ಮೇಲೆ. ಕೇಳಿದಾಗೆಲ್ಲ ನಾಳೆ, ನಾಳೆ. ಈಗ ಒಂದೇ ದಿನಕ್ಕೆ ದೇವರು ಇಪ್ಪತ್ತನಾಲ್ಕು ಕೊಟ್ಟ. ಬೇಡ ಅನ್ನಲಾ?"

ತಟ್ಟುವವನು ತನ್ನ ಮನೆಯಲ್ಲಿ ಕೂತು ತನ್ನ ಏಟು ಕೇಳಲಾರ ಅನ್ನುವ ಇಷ್ಟು ಸಣ್ಣ ವಿಷಯ ಇಪ್ಪತ್ತಾರು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ಹಾಗಾದರೆ ಹಿಂದಿನ ಆರು ಒಂಟಿ ಗೋಡೆಗಳ ಕತೆಯೇನು ಅಂತ ಕೇಳಲು ಧೈರ್ಯ ಬರಲಿಲ್ಲ. ಅಡಿಗೆಮನೆಯಲ್ಲಿ ಅವಳು ಸೌಟು ಸಿಕ್ಕಿಸುವ ಒಂದು ತಿರುಪು ಎಲ್ಲಿಂದ ಬಂತು ಅಂತ ನಾನು ಎಂದೂ ಯೋಚಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸರ್ವಮಂಗಳಮ್ಮನವರಿಂದ ಕರೆ ಬಂತು. ಹೋಗಿ ನೋಡಿದರೆ ಮೂರನೆಯ ಹಲಗೆ ಒಂದು ಅಂಗುಲ ಜಗ್ಗಿತ್ತು. ಆ ಕಡೆಯ ಈರುಳ್ಳಿಯ ಭಾರ! ಆಯಮ್ಮ ಮೈಕಿನ ಮುಂದೆ ಕೂತು 'ಗಮನಿಸಿ' ಅನ್ನುವಷ್ಟರಲ್ಲಿ ಗೋಡೆಯಿಂದ 'ಠಣ್' ಅಂತ ಶಬ್ದ. ಕಾಳಮ್ಮ ಟವಲು ಎಳೆದುಕೊಂಡಿರಬೇಕು. ಕಬ್ಬಿಣ ಶಬ್ದವನ್ನು ಉಗುಳುವುದಿಲ್ಲ ನೋಡಿ, ಒಯ್ದು ಮುಟ್ಟಿಸುತ್ತದೆ. ನಾನು ತಪ್ಪೊಪ್ಪಿಕೊಂಡೆ. ಆಯಮ್ಮ ಬೈಯಲಿಲ್ಲ. "ನಿಮ್ಮ ಮನೆಯವರ ಕಾಲು ಹಿಡಿದಾದರೂ ಕೇಳಿ ಆಚಾರ್ರೇ. ಮೂರು ದಿನ. ಮೂರೇ ದಿನ," ಅಂದರು.

ಕಾಲು ಹಿಡಿಯಲಿಲ್ಲ, ಅದೊಂದು ಬಾಕಿ. ಆರನೆಯ ಹಲಗೆ ಹೊತ್ತು ನಿಂತ ಚನ್ನವೀರಯ್ಯನವರ ಕತೆಯನ್ನೆಲ್ಲ ಕಾಳಮ್ಮನಿಗೆ ಹೇಳಿದೆ. 'ಎಲ್ಲಿಗೆ ಹೋಗಬೇಕಮ್ಮ' ಅಂದದ್ದನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ ಟವಲು ತೆಗೆದಳು, ಮೊರ ತೆಗೆದಳು, ಈರುಳ್ಳಿ ಇಳಿಸಿದಳು. ಇಪ್ಪತ್ತನಾಲ್ಕೂ ಬರಿದಾದವು. "ಒಂದು ದಿನ ಅನುಭವಿಸಿದೆನಲ್ಲ, ಸಾಕು ಬಿಡಿ," ಅಂದಳು.

ಶುಕ್ರ, ಶನಿ, ಭಾನು, ಮೂರು ದಿನ ರೆಕಾರ್ಡಿಂಗ್ ನಡೆಯಿತು. ಅಲ್ಲಿ ಸರ್ವಮಂಗಳಮ್ಮ ಸಾಲು ಹೇಳುವುದು, ಹಲಗೆ ನುಂಗುವುದು, ಇಲ್ಲಿ ನಮ್ಮ ಗೋಡೆ ಹೇಳುವುದು. ಕಾಳಮ್ಮ ಒಗ್ಗರಣೆ ಹಾಕಲಿಲ್ಲ, ರುಬ್ಬಲಿಲ್ಲ, ಮೂರು ದಿನ ಅವಲಕ್ಕಿ ಮೊಸರು. ಚಾಪೆ ಹಾಸಿಕೊಂಡು ಗೋಡೆಗೆ ಕಿವಿಯಾನಿಸಿ ಕೂತಿದ್ದಳು. 'ಚನ್ನವೀರಯ್ಯನವರ ಗಮನಕ್ಕೆ, ಎಡಗಾಲಿನ ಚಪ್ಪಲಿ ಬಲಗಾಲಿನಲ್ಲಿದೆ, ದಯವಿಟ್ಟು ಬದಲಾಯಿಸಿಕೊಳ್ಳಿ.' 'ಹೊರಗೆ ಚಳಿಯಿದೆ, ಶಾಲು ಹೊದ್ದುಕೊಳ್ಳದೆ ಯಾವುದೇ ಗಾಡಿ ಹೊರಡುವುದಿಲ್ಲ.' ಕಾಳಮ್ಮ ಒಮ್ಮೆ ನಗುತ್ತಿದ್ದಳು, ಒಮ್ಮೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಭಾನುವಾರ ರಾತ್ರಿ ನೂರಾ ನಲವತ್ತನೆಯದಕ್ಕೆ ಬರುವ ಹೊತ್ತಿಗೆ ಆ ದನಿ ಬರೀ ಉಸಿರಾಗಿತ್ತಂತೆ. ಅದುವರೆಗೆ ಪುರುಸೊತ್ತಿರಲಿಲ್ಲ; ಈಗಲಾದರೂ ಒಂದು ಸಲ ಹಾಕಿ ಪರೀಕ್ಷೆ ಮಾಡೋಣವೆಂದರೆ ಚನ್ನವೀರಯ್ಯನವರ ಆ ದಿನದ ಸ್ನಾನ ಊಟ ಎಲ್ಲ ಮುಗಿದಿತ್ತು. ಹೊರಟುಹೋದ ಗಾಡಿಯನ್ನು ಅದೇ ದಿನ ಮತ್ತೊಮ್ಮೆ ಹೊರಡಿಸುವುದು ಅವರ ಶಿಸ್ತಿಗೆ ಒಗ್ಗದು.

ಸೋಮವಾರ ನಸುಕಿನಲ್ಲೇ ಸರ್ವಮಂಗಳಮ್ಮ ಆಸ್ಪತ್ರೆಗೆ ಹೋದರು. ರೆಕಾರ್ಡು ಕೇಳಿಸುವ ಪೆಟ್ಟಿಗೆಯ ಗುಂಡಿ ಒತ್ತುವ ಕೆಲಸ ನನ್ನದು. ಏಳಕ್ಕೆ ಸರಿಯಾಗಿ ಒತ್ತಿದೆ. ದನಿ ಬಂತು, ತುಸು ಮರಳಿದ್ದರೂ ಗದ್ದಲವಿಲ್ಲ, ತೊಳೆದಿಟ್ಟ ಮುತ್ತಿನಂಥ ದನಿ. ಚನ್ನವೀರಯ್ಯ ಅಲ್ಲಾಡಲಿಲ್ಲ. ಇನ್ನೊಮ್ಮೆ ಒತ್ತಿದೆ. ಎಂಟಕ್ಕೆ ತಿಂಡಿ ಒತ್ತಿದೆ, ಒಂಬತ್ತಕ್ಕೆ ಮಾತ್ರೆ ಒತ್ತಿದೆ. ಬೆಂಚಿನ ಮೇಲೆ ಕೂತವರು ಕೂತೇ ಇದ್ದರು. ಕೈಹಿಡಿದು ಎಬ್ಬಿಸಲು ನೋಡಿದರೆ ಬಂಡೆ. ಬಾಯಿಗೆ ಇಡ್ಲಿ ಇಟ್ಟರೆ ತುಟಿ ಬಿಚ್ಚಲಿಲ್ಲ. ಮಧ್ಯಾಹ್ನ ಒಂದೇ ಒಂದು ಸಲ ಬಾಯಿಬಿಟ್ಟರು: "ಈ ಸ್ಟ್ಯಾಂಡಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ ಸ್ಟ್ಯಾಂಡಿಂದ ಗಾಡಿ ತೆಗೆಯೋ ಹಾಗಿಲ್ಲ."

ನನಗೆ ತಲೆ ಮೇಲೆ ಕೈಹೊತ್ತು ಕೂರುವ ಹಾಗಾಯಿತು. ಕುಕ್ಕರು ಬೇಡ, ಕಾಗೆ ಬೇಡ ಅಂತ ನಾವು ಎಲ್ಲವನ್ನೂ ಹೊರಗೆ ಹಾಕಿದ್ದೆವು. ಅಷ್ಟು ಭಾರ ಎತ್ತಿ, ಅಷ್ಟು ತೂತು ಕೊರೆದು, ಜನರನ್ನೂ ಹೊರಗೆ ಹಾಕಿಬಿಟ್ಟಿದ್ದೆವು.

ಸಂಜೆ ಸರ್ವಮಂಗಳಮ್ಮ, ಡಾಕ್ಟ್ರು ಇರಿ ಅಂದರೂ ಕೇಳದೆ, ಕತ್ತಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದರು. ಮುಟ್ಟದ ಇಡ್ಲಿ ನೋಡಿದರು, ನನ್ನ ಮುಖ ನೋಡಿದರು. ಗಂಡನ ಮುಂದೆ ಹೋಗಿ ನಿಂತು ಚೊಂಬಿಗೆ ಬಾಯಿ ಇಟ್ಟರು. ಗಾಳಿಯೂ ಬರಲಿಲ್ಲ. ಆ ದಿನ ಅವರು ಅತ್ತರು. ಸದ್ದಿಲ್ಲದ ಅಳು ನೋಡಲಾಗದೆ ನಾನು ಮನೆಗೆ ಓಡಿಬಂದೆ.

ಕಾಳಮ್ಮ ಪೂರ್ತಿ ಕೇಳಿದಳು. "ಯಾರೂ ಇಲ್ಲ ಅಂದ್ರಾ?" ಅಂದಳು. ಬೋಲ್ಟುಗಳ ಕಡೆ ನೋಡಿದಳು. "ನಾಳೆ ಆರಕ್ಕೇ ಹೋಗಿ ಆ ಹಲಗೆ ಎಲ್ಲ ಇಳಿಸಿಬಿಡಿ. ಏಳಕ್ಕೆ ಅವರನ್ನ ಆ ಗೋಡೆ ಮುಂದೆ ಇರೋ ಹಾಗೆ ನೋಡ್ಕೊಳ್ಳಿ."

"ಎದ್ದು ಬರೋದೇ ಇಲ್ವಲ್ಲೇ ಅವರು!"

"ಬೆಂಚು ಸಮೇತ ಎಳೀರಿ. ಏನು ಆಚಾರ್ರೋ ನೀವು."

ಮಂಗಳವಾರ ಬೆಳಿಗ್ಗೆ ನಾನೂ ಸರ್ವಮಂಗಳಮ್ಮನೂ ಸೇರಿ ಆರು ಹಲಗೆ ಇಳಿಸಿದೆವು. ಓರೆ ಪಟ್ಟಿಯ ಗುಣ ಅದು, ಏರುವುದು ಕಷ್ಟ, ಇಳಿಯುವುದು ಸುಲಭ. ಆಮೇಲೆ ಬೆಂಚನ್ನು ಚನ್ನವೀರಯ್ಯನವರ ಸಮೇತ ಕೋಣೆಗೆ ಎಳೆದೆವು. ಒಂದು ಹಗಲು ಒಂದು ರಾತ್ರಿ ಅನ್ನ ನೀರಿಲ್ಲದೆ ಅವರ ಮುಖ ಬತ್ತಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಸರ್ವಮಂಗಳಮ್ಮ ಅವರ ಕಾಲ ಬಳಿ ನೆಲದ ಮೇಲೆ ಕೂತರು. ಬರಿ ಗೋಡೆ, ಇಪ್ಪತ್ತನಾಲ್ಕು ಬೋಲ್ಟಿನ ತಲೆ, ನಾವು ಮೂರು ಜನ.

ಏಳಾಯಿತು. ಮೊದಲು ಒಂದು ಮಗು ಅತ್ತಿತು. ಆಮೇಲೆ ಯಾರೋ "ಕಡ್ಲೇಕಾಯ್, ಬಿಸಿ ಬಿಸಿ ಕಡ್ಲೇಕಾಯ್" ಅಂದರು. ಯಾರೋ "ಏಯ್, ಕಿಟಕಿ ಪಕ್ಕ ಕರ್ಚೀಫು ಹಾಕೇ!" ಅಂತ ಕಿರುಚಿದರು. ಇಪ್ಪತ್ತನಾಲ್ಕು ಬೋಲ್ಟಿನಿಂದಲೂ ಗದ್ದಲ ಗದ್ದಲ. ಕಾಳಮ್ಮ ನಮ್ಮ ಬೀದಿಯ ಹೆಂಗಸರನ್ನೆಲ್ಲ ಮಕ್ಕಳು ಮರಿ ಸಮೇತ ಒಳಕೋಣೆಗೆ ತುಂಬಿಕೊಂಡು, ಬಾಯಿಗೆ ಬಂದದ್ದು ಕೂಗಿ ಅಂದಿದ್ದಳಂತೆ. ನಮ್ಮ ಬೀದಿಯವರಿಗೆ ಅದನ್ನು ಎರಡು ಸಲ ಹೇಳಬೇಕಾಗಿಲ್ಲ. ಚನ್ನವೀರಯ್ಯ ತಲೆಯೆತ್ತಿದರು. ಗದ್ದಲದ ಮೇಲೆ ಒಂದು ದನಿ ಎದ್ದಿತು, ಒರಟು ದನಿ, ಈರುಳ್ಳಿ ಹೆಚ್ಚಿ ಹೆಚ್ಚಿ ಜಡ್ಡುಗಟ್ಟಿದ ದನಿ, ನನ್ನ ಹೆಂಡತಿಯ ದನಿ.

"ಗಮನಿಸಿ! ಚನ್ನವೀರಯ್ಯನವರ ಗಮನಕ್ಕೆ! ಏಳು ಗಂಟೆಯ ಸ್ನಾನ ಒಂದನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ!"

ಅವರು ಏಳಲಿಲ್ಲ. ತಲೆ ಓರೆ ಮಾಡಿ ಕೇಳಿಸಿಕೊಂಡರು. "ಇದು ಬೇರೆಯವರು," ಅಂದರು ನಿಧಾನವಾಗಿ. "ಹೊಸಬರು."

ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡರು. ಮುಗಿಯಿತು ಅಂದುಕೊಂಡೆ.

"ಹಂಗಾದ್ರೆ ಮಂಗಳಾ ಡ್ಯೂಟಿ ಇಳಿದಳು," ಅಂದರು ಚನ್ನವೀರಯ್ಯ. ಎದ್ದು ನಿಂತರು. ಅಂಗಿ ಜಗ್ಗಿ ಸರಿಮಾಡಿಕೊಂಡರು. ಡ್ಯೂಟಿ ಇಳಿದವಳು ಎಲ್ಲಿ ಅಂತ ಸುತ್ತ ನೋಡಿದರು, ನನ್ನನ್ನು ದಾಟಿ, ಹಲಗೆಗಳನ್ನು ದಾಟಿ, ಕೊನೆಗೆ ಕಾಲ ಬಳಿ ಕೂತಿದ್ದವರ ಮೇಲೆ ಕಣ್ಣು ನಿಂತಿತು. ಎರಡು ವರ್ಷದಲ್ಲಿ ನಾಲ್ಕು ಹೊತ್ತೂ ಕಂಡ ಮುಖವನ್ನು ಆಗ ನೋಡಿದರು.

"ಇಲ್ಲೇ ಕೂತಿದೀಯಲ್ಲೇ," ಅಂದರು. "ಎಷ್ಟು ಹೊತ್ತಿಂದ ಕಾಯ್ತಿದೀನಿ ನಿಂಗೆ. ಏಳು. ಮನೆಗೆ ಹೋಗೋಣ."

ಕೈ ಚಾಚಿದರು. ಸರ್ವಮಂಗಳಮ್ಮ ಏನೋ ಹೇಳಲು ಬಾಯಿ ತೆರೆದರು, ಏನೂ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಕೈ ಹಿಡಿದುಕೊಂಡು ಎದ್ದರು. ಗೋಡೆ "ಕೊನೆಯ ಕರೆ, ಕೊನೆಯ ಕರೆ" ಅಂತ ಅರಚುತ್ತಲೇ ಇತ್ತು. "ಬಂದ್ವಮ್ಮಾ," ಅಂತ ಅದಕ್ಕೊಂದು ಉತ್ತರ ಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಬಚ್ಚಲ ಕಡೆ ನಡೆದರು.

ಈಗಲೂ ದಿನಾ ಏಳಕ್ಕೆ, ಮತ್ತೆ ತಿಂಡಿ ಊಟದ ಹೊತ್ತಿಗೂ ನಮ್ಮ ಒಳಕೋಣೆಯಲ್ಲಿ ಸಂತೆ ಸೇರುತ್ತದೆ. ಎಲ್ಲ ದಿನವೂ ಅವರಿಗೆ ಹೆಂಡತಿಯ ಗುರುತು ಸಿಗುತ್ತದೆ ಅಂತ ಸುಳ್ಳು ಹೇಳಲಾರೆ. ವಾರಕ್ಕೆ ಮೂರು ನಾಲ್ಕು ದಿನ ಸಿಗುತ್ತದೆ. ಉಳಿದ ದಿನ ಆಯಮ್ಮ ಕೊನೇ ಸ್ಟಾಪಿಗೆ ಹೋಗುವ ಪ್ಯಾಸೆಂಜರ್ರು. ಆದರೆ ಸ್ನಾನ ತಪ್ಪಿಲ್ಲ, ಊಟ ತಪ್ಪಿಲ್ಲ.

ಆ ಮಂಗಳವಾರ ನಾನು ಮನೆಗೆ ಬಂದಾಗ ಕಾಳಮ್ಮ ಗಂಟಲು ಹಿಡಿದುಹೋಗಿ ಬಿಸಿನೀರು ಕುಡಿಯುತ್ತಿದ್ದಳು. "ಎದ್ರಾ?" ಅಂತ ಕೈಸನ್ನೆಯಲ್ಲಿ ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿ, ಲೋಟ ಕೆಳಗಿಟ್ಟು, ಒದ್ದೆ ಕೈಯನ್ನು ಒರೆಸಿಕೊಳ್ಳಲು ಬಾಗಿಲ ಮೇಲಿನ ಟವಲಿಗೆ ಕೈಚಾಚಿದಳು. ಬೋಲ್ಟುಗಳಿಗೆ ಇನ್ನು ಏನನ್ನೂ ನೇತುಹಾಕುವ ಹಾಗಿರಲಿಲ್ಲವಲ್ಲ.

ಸಂಜೆ ನಾಲ್ಕಾಯಿತು. ನಾನು ಚೀಲದಿಂದ ಕೊಡತಿ ತೆಗೆದು ನಮ್ಮ ಮನೆಯ ನಡುಕೋಣೆಯ ಗೋಡೆಗೆ ಮೂರು ಸಲ ತಟ್ಟಿದೆ. ಕಾಳಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ನನ್ನನ್ನೂ ಕೊಡತಿಯನ್ನೂ ನೋಡಿದಳು. "ಒಂದು ಟವಲಿಗೆ," ಅಂದೆ. ಯಾರು ಓಡಿ ಬರುತ್ತಾರೋ ನೋಡೋಣ ಅಂತ ಇಬ್ಬರೂ ಜಗಲಿಯ ಮೇಲೆ ಹೋಗಿ ಕೂತೆವು.